ಅವಂದು, ಅವಂದು, ಈಗ ನಿಂದು

ಹೋದ ಭಾನುವಾರ ನಿಮ್ಮಲ್ಲಿ ಚಿಕ್ಕವಳು ಬಿಂಡಿಗನವಿಲೆಯಿಂದ ಫೋನು ಮಾಡಿದ್ದಳು. ಅವರಪ್ಪನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಈಗ ಪಕ್ಕದ ಮನೆಯ ಹುಡುಗಿಯರಿಬ್ಬರಿಗೆ ಕತ್ತಿಯಾಟ ಹೇಳಿಕೊಡುತ್ತಿದ್ದಾಳಂತೆ.

"ಅಜ್ಜಿ, ಅವಂದು, ಅವಂದು, ಈಗ ನಿಂದು ಅಂತ ಯೋಳ್ಕೊಡ್ತೀನಲ್ಲ, ಇದ್ನ ಕಂಡ್ ಇಡ್ದೋರು ಯಾರು ಅಂತ ಕೇಳ್ತಾವ್ರೆ. ನೀನೇ ತಾನೆ?"

"ನಾನಲ್ಲ ಕಣವ್ವ, ನಮ್ಮತ್ತೆ" ಎಂದೆ.

"ನಿಮ್ಮತ್ತೇನೂ ಕಂಪ್ಯೂಟ್ರಲ್ಲಿ ಆಡ್ತಿದ್ರಾ?" ಎಂದಳು.

ನಗು ಬಂದು ಮಾತು ಅಲ್ಲಿಗೇ ನಿಂತಿತು. ಫೋನಿನಲ್ಲಿ ನನಗೆ ಅಷ್ಟು ಉದ್ದ ಮಾತಾಡಲು ಬರುವುದಿಲ್ಲ, ನಿಮಗೆ ಗೊತ್ತು. ಎದುರಿಗೆ ಕೂತರೂ ಬರುವುದಿಲ್ಲ. ಪೆನ್ನು ಹಿಡಿದರೆ ಪರವಾಗಿಲ್ಲ. ಅದಕ್ಕೇ ನೀವು ಐದೂ ಜನ ಮೊಮ್ಮಕ್ಕಳಿಗೆ ಸೇರಿಸಿ ಈ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ತಪ್ಪುಗಳಿದ್ದರೆ ನಿಮ್ಮಲ್ಲಿ ಶ್ರೀರಂಗಪಟ್ಟಣದವಳು ಹೇಗೂ ಕೆಂಪು ಪೆನ್ನು ತೆಗೆದುಕೊಂಡು ಕೂರುತ್ತಾಳೆ.

ಶುರುವಾದದ್ದು ದೊಡ್ಡವನ ಕೈ ಮುರಿದದ್ದರಿಂದ. ಪಾಂಡವಪುರದ ಈ ಮನೆಯಲ್ಲಿ ನನ್ನ ಜೊತೆ ಇರುವವನು ಅವನೊಬ್ಬನೇ ಮೊಮ್ಮಗ. ನಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡು ಬಂದ. ಆರು ವಾರ ಪಿಒಪಿ ಹಾಕಿದರು. ಊಟಕ್ಕೆ, ಸ್ನಾನಕ್ಕೆ ಅವನಿಗೆ ಅಂಥ ಚಿಂತೆಯೇನೂ ಇರಲಿಲ್ಲ. ಭಾನುವಾರದ್ದೇ ಚಿಂತೆ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನೀವೆಲ್ಲ ಕಂಪ್ಯೂಟರಿನ ಆ ಕತ್ತಿಯಾಟದಲ್ಲಿ ಸೇರುತ್ತಿದ್ದಿರಿ. ದೊಡ್ಡವನು ಇಲ್ಲಿಂದ, ನಿಮ್ಮ ಅಕ್ಕ ಶ್ರೀರಂಗಪಟ್ಟಣದಿಂದ, ಅವಳಿ ಹುಡುಗರಿಬ್ಬರು ಕೆ.ಆರ್. ಪೇಟೆಯಿಂದ, ಚಿಕ್ಕವಳು ಬಿಂಡಿಗನವಿಲೆಯಿಂದ. ಮೊದಲಾದರೆ ಬೇಸಿಗೆ ರಜ ಬಂತೆಂದರೆ ನೀವು ಐದೂ ಜನ ಊರಿನ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದಿರಿ. ಒಬ್ಬರ ಕಾಲು ಇನ್ನೊಬ್ಬರ ಹೊಟ್ಟೆಯ ಮೇಲೆ. ನಿಮ್ಮ ತಾತ ಬೆಳಿಗ್ಗೆ ಎದ್ದು ತಲೆ ಎಣಿಸಿ, ಸರಿ ಇದೆ ಎಂದುಕೊಂಡು ಗದ್ದೆಗೆ ಹೋಗುತ್ತಿದ್ದರು. ಆಮೇಲೆ ಒಬ್ಬರಿಗೆ ಟ್ಯೂಷನ್ನು, ಒಬ್ಬರಿಗೆ ಪರೀಕ್ಷೆ, ಒಬ್ಬರ ರಜ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಚಾಪೆ ಸುತ್ತಿಟ್ಟದ್ದು ಸುತ್ತಿಟ್ಟ ಹಾಗೇ ಉಳಿಯಿತು. ನೀವು ಆ ಆಟದಲ್ಲಿ ಸೇರುತ್ತೀರೆಂಬುದು ನನಗೆ ಆಗ ಗೊತ್ತಿರಲಿಲ್ಲ. ದೊಡ್ಡವನು ಬಾಗಿಲು ಮುಂದೆ ಮಾಡಿಕೊಂಡು ಗೋಡೆಗೆ ಬೈಯುತ್ತಾನೆಂದೇ ತಿಳಿದಿದ್ದೆ.

"ಅಜ್ಜಿ, ಆರ್ ವಾರ ನನ್ ಎಡ್ಗೈ ಆಯ್ತೀಯಾ?" ಎಂದು ಕೇಳಿದ.

ಬಲಗೈಯಲ್ಲಿ ಅವನು ಮೌಸು ಹಿಡಿದು ಕತ್ತಿ ಬೀಸುವುದು, ನಾನು ಪಕ್ಕದಲ್ಲಿ ಕೂತು ನಾಲ್ಕು ಕೀ ಒತ್ತಿ ನಡೆಸುವುದು. ಅಂದರೆ ಅವನು ಕೈ, ನಾನು ಕಾಲು. ಡಬ್ಲ್ಯೂ ಒತ್ತಿದರೆ ಸಿಪಾಯಿ ಮುಂದೆ ಹೋಗುತ್ತಾನೆ, ಎಸ್ ಒತ್ತಿದರೆ ಹಿಂದೆ, ಎ ಎಡಕ್ಕೆ, ಡಿ ಬಲಕ್ಕೆ. ಐದನೇ ಕ್ಲಾಸಿನಲ್ಲಿ ಕಲಿತ ಎಬಿಸಿಡಿ ಅಷ್ಟು ವರ್ಷದ ಮೇಲೆ ನನ್ನ ಉಪಯೋಗಕ್ಕೆ ಬಂತು. ಆದರೂ ಕಣ್ಣು ಹುಡುಕುತ್ತಿತ್ತು. ಸೊಸೆ ನೋಡಿ, ಆ ನಾಲ್ಕು ಕೀಗೂ ತನ್ನ ನೇಲ್ ಪಾಲಿಶ್‌ನಲ್ಲಿ ಕೆಂಪು ಬೊಟ್ಟಿಟ್ಟು ಕೊಟ್ಟಳು.

ಮೊದಲ ದಿನ ಪರದೆಯ ಮೇಲೆ ಕೋಟೆ ಕಂಡಾಗ ನಾನು ಬೆರಳು ಎತ್ತಿಕೊಂಡೇ ನೋಡುತ್ತ ಕೂತೆ. ಕಲ್ಲಿನ ಗೋಡೆ, ದೊಡ್ಡ ಬಾಗಿಲು, ಕೆಳಗೆ ಕಂದಕ, ಮೈತುಂಬ ಕಬ್ಬಿಣ ತೊಟ್ಟ ಸಿಪಾಯಿಗಳು. ಶ್ರೀರಂಗಪಟ್ಟಣದ ಮನೆಗೆ ಹೋದಾಗ ಅಲ್ಲಿನ ಕೋಟೆ ನೋಡುತ್ತೇನಲ್ಲ, ಅದರ ಪಕ್ಕದಲ್ಲಿ ಯಾರಾದರೂ ಬಟ್ಟೆ ಒಣಹಾಕಿರುತ್ತಾರೆ, ಮೇಕೆ ಕಟ್ಟಿರುತ್ತಾರೆ. ಈ ಕೋಟೆಯಲ್ಲಿ ಒಂದು ಮೇಕೆಯೂ ಇರಲಿಲ್ಲ. ಅದನ್ನೇ ಯೋಚಿಸುತ್ತ ಡಬ್ಲ್ಯೂ ಒತ್ತಿಕೊಂಡೇ ಇದ್ದೆ. ಸಿಪಾಯಿ ಗೋಡೆಯ ಅಂಚು ದಾಟಿ ಸೀದಾ ಕಂದಕಕ್ಕೆ ಬಿದ್ದ.

"ಅಣ್ಣ, ಕಾಲ್ಗೂ ಪಿಒಪಿ ಆಕ್ಸಿದ್ದೀಯಾ?" ಎಂದು ಕಂಪ್ಯೂಟರಿನೊಳಗಿಂದ ಶ್ರೀರಂಗಪಟ್ಟಣದವಳ ದನಿ ಕೇಳಿಸಿತು.

"ಕಾಲು ಅಜ್ಜೀದು ಕಣೇ."

"ಅಜ್ಜೀನಾ!" ಎಂದು ನೀವೆಲ್ಲ ಒಟ್ಟಿಗೆ ಕೂಗಿದಿರಿ. ಆಗಲೇ ನನಗೆ ಗೊತ್ತಾದದ್ದು, ಬಾಗಿಲ ಹಿಂದೆ ಅಷ್ಟು ದಿನದಿಂದ ನೀವು ಐದೂ ಜನ ಇದ್ದಿರಿ ಎಂದು.

ಆರು ವಾರ ಅವನ ಕಾಲಾಗಿದ್ದೆ. ಕತ್ತಿಗಿಂತ ಕಾಲು ದೊಡ್ಡದು ಎಂದು ಅಲ್ಲಿ ಕಲಿತೆ. ಎದುರಿನವನು ಬೀಸಿದಾಗ ಒಂದು ಹೆಜ್ಜೆ ಹಿಂದಿಟ್ಟರೆ ಅವನ ಏಟು ಗಾಳಿಗೆ ಹೋಗುತ್ತದೆ. ಒಬ್ಬರೇ ಮುಂದೆ ನುಗ್ಗಬಾರದು, ಪಕ್ಕದಲ್ಲಿ ನಮ್ಮವರಿರಬೇಕು. ಸುಮ್ಮಸುಮ್ಮನೆ ಬೀಸುತ್ತಿದ್ದರೆ ಸಿಪಾಯಿಗೆ ಸುಸ್ತಾಗಿ ಕೈ ಏಳುವುದಿಲ್ಲ. ಒಂದು ದಿನ ದೊಡ್ಡವನ ಅಪ್ಪ, ಅಂದರೆ ನನ್ನ ದೊಡ್ಡ ಮಗ, ಕಾಫಿ ಲೋಟ ಹಿಡಿದು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ನಾನು ನಾಚಿಕೆಯಿಂದ ಕೀ ಬಿಟ್ಟು ಎದ್ದೆ. ಅಷ್ಟರಲ್ಲಿ ಯಾರೋ ನಮ್ಮ ಸಿಪಾಯಿಯ ತಲೆ ಹಾರಿಸಿದರು. "ಅವ್ವಾ, ಕೂತ್ಕೊ, ನನ್ ನೋಡಿ ಎದ್ದು ಅವನ್ನ ಸಾಯ್ಸ್‌ಬೇಡ" ಎಂದು ಹೇಳಿ ಕಾಫಿ ಇಟ್ಟು ಹೋದ.

ಪಿಒಪಿ ಬಿಚ್ಚಿದ ಮೇಲೆ ಅವನಿಗೆ ಅವನ ಎಡಗೈ ಬಂತು. ನನ್ನ ಕೆಲಸ ಮುಗಿಯಿತು. ಆ ಭಾನುವಾರ ಮೂರು ಗಂಟೆಗೆ ನಾನು ಅವರೆಕಾಯಿ ಸುಲಿಯುತ್ತ ಕೂತೆ. ಮುಂದಿನ ಭಾನುವಾರವೂ ಸುಲಿದೆ. ಬಾಗಿಲ ಆ ಕಡೆಯಿಂದ ನಿಮ್ಮ ಕೂಗು ಕೇಳುತ್ತಿತ್ತು. ಮೂರನೇ ವಾರ ಅವನೇ ಬಂದು, "ಅಜ್ಜಿ, ಒಂದ್ ಕಡೆ ಆರ್ ಜನ ಬೇಕು, ಐದೇ ಜನ ಅವ್ರೆ. ಅವ್ರೇಕಾಯಿ ಎಲ್ಲೂ ಓಗಲ್ಲ, ಬಾ" ಎಂದ. ಸೊಸೆಯ ಲ್ಯಾಪ್‌ಟಾಪಿನಲ್ಲಿ ನನಗೆ ನನ್ನದೇ ಒಬ್ಬ ಸಿಪಾಯಿ ಸಿಕ್ಕಿದ. ಅದರ ಕೀಗಳಿಗೂ ಸೊಸೆ ಕೆಂಪು ಬೊಟ್ಟಿಟ್ಟಳು. ಆಟದಲ್ಲಿ ಎಲ್ಲರಿಗೂ ಒಂದು ಹೆಸರು ಬೇಕಂತೆ. ನನಗೆ 'ಅಜ್ಜಿ' ಎಂದೇ ಬರೆದ.

ನನ್ನ ಕೈಯಾರೆ ಬಿದ್ದ ಮೊದಲ ಮನುಷ್ಯ ದೊಡ್ಡವನೇ. ಪಕ್ಕದಲ್ಲಿದ್ದವನು ನಮ್ಮವನೆಂದು ಕತ್ತಿಗೆ ತಿಳಿಯುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೀಗೆ ಬಿದ್ದು, ಬೀಳಿಸಿ, ನಿಮ್ಮ ಬೈಗುಳ ತಿಂದು ನಾಲ್ಕೈದು ತಿಂಗಳಲ್ಲಿ ಒಂದು ಹದಕ್ಕೆ ಬಂದೆ. ಆದರೆ ಮೈಕಿನಲ್ಲಿ ಮಾತ್ರ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಜೀವಮಾನದಲ್ಲಿ ನಾನು ಹಾಗೆ ಕೂಗಿದವಳಲ್ಲ.

ಈಗ ಚಿಕ್ಕವಳ ವಿಷಯ.

ಅವಳು ಆಟಕ್ಕೆ ಸೇರಿದ್ದು ನನಗಿಂತ ಮೊದಲೇ, ಆದರೆ ಆಟ ಬಂದಿರಲಿಲ್ಲ. ಎದುರಿಗೆ ಯಾರಾದರೂ ಬಂದರೆ ಗುರಾಣಿ ಎತ್ತಿಕೊಂಡು ನಿಂತುಬಿಡುತ್ತಿದ್ದಳು. ಹೊಡೆಯುತ್ತಲೂ ಇರಲಿಲ್ಲ, ಓಡುತ್ತಲೂ ಇರಲಿಲ್ಲ. ಏಟು ಬಿದ್ದು ಬಿದ್ದು ಗುರಾಣಿ ಜಾರಿದ ಮೇಲೆ ಸಾಯುವುದು. ಅವಳಿಗಳು ಅವಳಿಗೆ ಗೋಡೆ ಎಂದು ಹೆಸರಿಟ್ಟಿದ್ದರು. "ಗೋಡೆ ಎಲ್ಲವ್ಳೆ ನೋಡ್ರೋ, ಅದ್ರ್ ಇಂದೆ ಬಚ್ಚಿಟ್ಕಳನ" ಎನ್ನುತ್ತಿದ್ದರು. ಅವಳು ಏನೂ ಅನ್ನುತ್ತಿರಲಿಲ್ಲ. ಅನ್ನದೆ ಇರುವವರ ಹೊಟ್ಟೆಯಲ್ಲಿ ಏನಿರುತ್ತದೆಂದು ನನಗೆ ಗೊತ್ತು.

ದಸರಾ ರಜದಲ್ಲಿ ತನ್ನ ಕಾಲೇಜಿನ ಆರು ಹುಡುಗರ ಎದುರು ನಮ್ಮ ಆರು ಜನರ ಪಂದ್ಯ ಎಂದು ದೊಡ್ಡವನು ಗೊತ್ತು ಮಾಡಿಕೊಂಡು ಬಂದ. ಎಲ್ಲರೂ ಕೇಳುವ ಹಾಗೆ ಮೈಕಿನಲ್ಲಿ ಹೇಳಿದ: "ನೋಡು ಪುಟ್ಟಿ, ಇನ್ ಮೂರು ಭಾನ್ವಾರ ಐತೆ. ಅಷ್ಟ್ರೊಳಗೆ ಒಬ್ಬನ್ನಾದ್ರೂ ನೀನೇ ಬೀಳುಸ್ಬೇಕು. ಇಲ್ದೋದ್ರೆ ನಿನ್ ಜಾಗಕ್ಕೆ ನನ್ ಫ್ರೆಂಡ್ನ ಆಕ್ಕತೀನಿ. ಬೇಜಾರ್ ಮಾಡ್ಕಬೇಡ."

ನಾನು ಆಮೇಲೆ ಅವನ ಕೋಣೆಗೆ ಹೋಗಿ, "ನನ್ನ ಬುಟ್ಟು ಅವ್ಳ ಇಟ್ಕಳಪ್ಪ" ಎಂದೆ. "ನಿನ್ನ ಬುಟ್ರೆ ನಿನ್ ಜಾಗಕ್ಕೆ ಇನ್ನೊಬ್ಬನ್ನ ಉಡುಕ್ಬೇಕು. ಗೋಡೆ ಗೋಡೆಯಾಗೇ ಇರ್ತದೆ. ಏನ್ ಪ್ರಯೋಜ್ನ ಅಜ್ಜಿ?" ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮಾರನೇ ದಿನ ಸಂಜೆ ಚಿಕ್ಕವಳ ಫೋನು ಬಂತು. "ಅಜ್ಜಿ, ನನ್ನ ಬುಟ್ಬುಟ್ರೆ ಭಾನ್ವಾರ ಮಧ್ಯಾನ ನಾನೇನ್ ಮಾಡ್ಲಿ?" ಅಷ್ಟೇ ಕೇಳಿದಳು. ಅವಳಿಗೆ ಒಡಹುಟ್ಟಿದವರು ಯಾರೂ ಇಲ್ಲ. ವಾರಕ್ಕೊಮ್ಮೆ ಆ ಎರಡು ಗಂಟೆಯೇ ಅವಳ ಪಾಲಿನ ಅಣ್ಣ ತಮ್ಮ ಅಕ್ಕ ಎಲ್ಲ. ನನಗೆ ಅವರೆಕಾಯಿಯ ಎರಡು ಭಾನುವಾರ ನೆನಪಾಯಿತು. "ನಾನ್ ಯೋಳ್ಕೊಡ್ತೀನಿ ಬಾ" ಎಂದೆ. ಬಾಯಿಂದ ಬಂದ ಮೇಲೆ ಭಯವಾಯಿತು. ನಾನು ಯಾರಿಗೆ ಏನು ಹೇಳಿಕೊಟ್ಟವಳು?

ದಿನಾ ಸಂಜೆ ಐದರಿಂದ ಆರು ನಾವಿಬ್ಬರೇ ಆಟದ ಅಭ್ಯಾಸದ ಬಯಲಿಗೆ ಹೋಗುತ್ತಿದ್ದೆವು. ಅವಳಿದ್ದದ್ದು ಅಂಗಡಿಯಲ್ಲಿ. ಕತ್ತಿ ಎತ್ತಿದ ಹೊತ್ತಿಗೇ ಯಾರೋ ರೈತರು ಬಂದು, "ಪಹಣಿ ಎರಡ್ ಕಾಪಿ ತಗ್ದುಕೊಡವ್ವ" ಎನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು. ಅವಳ ಸಿಪಾಯಿ ಕಲ್ಲಿನ ಹಾಗೆ ನಿಲ್ಲುತ್ತಿದ್ದ. ಪಹಣಿ ಕೊಟ್ಟು ಬರುವವರೆಗೆ ನಾನು ಅವನನ್ನು ಕಾಯುತ್ತಿದ್ದೆ.

ಮೊದಲ ಭಾನುವಾರವೇ ನಾನು ಅನಾಹುತ ಮಾಡಿದೆ. ಅಷ್ಟು ದಿನ ಹೇಳಿದ್ದರ ಫಲವಾಗಿ ಅವಳಿಗೆ ಸ್ವಲ್ಪ ಧೈರ್ಯ ಬಂದಿತ್ತು. ಎದುರು ಕಡೆ ಆಡುತ್ತಿದ್ದ ಯಾವುದೋ ಊರಿನ ಹುಡುಗನೊಬ್ಬ ಓಡುತ್ತಿದ್ದಾಗ ಅವನ ಹಿಂದೆ ಓಡತೊಡಗಿದಳು. ಓಡುವವನ ಹಿಂದೆ ಒಬ್ಬರೇ ಹೋಗುವುದು ಹೊಸಬರೆಲ್ಲ ಮಾಡುವ ತಪ್ಪು. ಅವನು ತನ್ನವರ ನಡುವೆ ಕರೆದುಕೊಂಡು ಹೋಗಿ ನಿಲ್ಲುತ್ತಾನೆ. ನಾನು ಗಾಬರಿಯಾಗಿ, "ಬುಡು, ಬುಡವ್ನ! ಬುಡು!" ಎಂದು ಕೂಗಿದೆ. ಅವಳು ಇನ್ನೂ ಜೋರಾಗಿ ಓಡಿ, ಇದ್ದ ಬಲವನ್ನೆಲ್ಲ ಹಾಕಿ ಬೀಸಿದಳು. ನಡುವೆ ಬಂದ ಅವಳಿಗಳಲ್ಲಿ ಒಬ್ಬ ಅಲ್ಲೇ ಬಿದ್ದ. ಅವನು ನಮ್ಮ ಕಡೆಯವನು.

"ಇವ್ಳು ನಮ್ ಕಡೆಯೋಳಾ, ಅವ್ರ್ ಕಡೆಯೋಳಾ? ಮೊದ್ಲು ಯೋಳ್ರಪ್ಪ!" ಎಂದು ಬಿದ್ದವನು ಕೂಗಿದ.

"ಅಜ್ಜೀನೇ ಬುಡು ಅಂದಿದ್ದು" ಎಂದಳು ಚಿಕ್ಕವಳು, ಅಳುವ ದನಿಯಲ್ಲಿ.

"ಬುಡು ಅಂದ್ರೆ ಬುಟ್ಬುಡು ಅಂತ ಕಣೇ!"

"ಒಂದೇಟು ಬುಡು ಅಂತಾರಲ್ಲ, ಅದು?"

"ಅದು ಬ್ಯಾರೆ ಬುಡು!"

"ಎಲ್ಡೂ ಒಂದೇ ತರ ಕೇಳ್ತದಲ್ಲ!"

ನೀವು ಅರ್ಧ ಗಂಟೆ ಆಟ ನಿಲ್ಲಿಸಿ ಜಗಳ ಮಾಡಿದಿರಿ. ನಾನು ಕಿವಿಗೆ ಹಾಕಿದ್ದನ್ನು ತೆಗೆದಿಟ್ಟೆ. ನಿಮ್ಮ ಜಗಳ ನನಗೆ ಹೊಸದಾಗಿರಲಿಲ್ಲ. ಅದೇ ಮಾತಿಗೆ ನಾನೂ ನಿಮ್ಮ ತಾತನೂ ಮೂವತ್ತು ವರ್ಷ ಜಗಳವಾಡಿದ್ದೆವು.

ನನ್ನ ಕಿರಿಯ ಮಗಳು, ಅಂದರೆ ಚಿಕ್ಕವಳ ತಾಯಿ, ಆಗ ಮಗು. ಮನೆಯಲ್ಲಿ ಎರಡು ಹಸು ಕರೆಯುತ್ತಿದ್ದವು. ಬೆಳಿಗ್ಗೆ ಡೈರಿಗೆ ಹಾಲು ಹಾಕುವುದಕ್ಕೆ ಅನುಕೂಲವಾಗಲೆಂದು ತಾತ ಒಂದು ಹಳೇ ಮೊಪೆಡ್ಡು ತಂದು, ನನಗೆ ಕಲಿಸುತ್ತೇನೆಂದು ಹೊರಟರು. ಜನ ನೋಡುತ್ತಾರೆಂದು ನಾನು ಒಲ್ಲೆ ಎಂದೆ. ಜನ ಏಳುವ ಮೊದಲೇ ನಾಲೆ ಏರಿಗೆ ಕರೆದುಕೊಂಡು ಹೋದರು. ಒಂದು ಕಡೆ ನೀರು, ಒಂದು ಕಡೆ ಕಬ್ಬು. ಸೆರಗು ಸಿಕ್ಕಿಸಿಕೊಂಡು ಕೂತೆ. ಅವರು ಹಿಂದೆ ಹಿಡಿದುಕೊಂಡು ಓಡಿದರು. ಗಾಡಿ ಜೋರಾಯಿತು. ಅವರು ಹಿಂದೆ ಉಳಿದರು. ಅಲ್ಲಿಂದಲೇ, "ಬುಡು! ಲೇ, ಬುಡು, ಬುಡು!" ಎಂದು ಕೂಗಿದರು. ನಾನು ಗಾಡಿಯ ಕೈಹಿಡಿಯನ್ನು ಇನ್ನೂ ತಿರುವಿದೆ. ಗಾಡಿ ಏರಿಯಿಂದ ಇಳಿದು ಕಬ್ಬಿನ ಗದ್ದೆಯೊಳಗೆ ಹತ್ತು ಮಾರು ಹೋಗಿ ಮಲಗಿತು.

ಓಡಿ ಬಂದು ನನ್ನನ್ನು ಎತ್ತಿ ಕೂರಿಸಿದರು. ಮೊಣಕಾಲಿನ ಮಣ್ಣು ಒರೆಸಿದರು. ಆಮೇಲೆ ಶುರುವಾಯಿತು.

"ಬುಡು ಅಂದ್ನಲ್ಲಮ್ಮಿ!"

"ಬುಟ್ನಲ್ರೀ!"

"ಕೈ ಬುಡು ಅಂದಿದ್ದು ನಾನು!"

"ಗಾಡಿ ಬುಡು ಅಂದಂಗ್ ಕೇಳುಸ್ತು!"

"ಗದ್ದೆ ಒಳಕ್ ಗಾಡಿ ಬುಡು ಅಂತ ಯಾವ್ ಗಂಡ ಅಂದಾನು?"

"ಆ ಒತ್ತಲ್ಲಿ ಗಂಡ್ನ ಮಖ ನೋಡ್ಕಂಡ್ ಕೂತಿದ್ನಾ ನಾನು?"

ಮನೆಗೆ ಯಾರು ಬಂದರೂ ಅವರು ಆ ಕಥೆ ಹೇಳುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, "ಈಗ್ಲಾದ್ರೂ ಒಪ್ಕೊ, ನಾನ್ ಅಂದಿದ್ದು ಕೈ ಬುಡು ಅಂತ" ಎನ್ನುತ್ತಿದ್ದರು. ನಾನು ಒಳಗಿನಿಂದಲೇ, "ಗಾಡಿ ಬುಡು ಅಂತ" ಎನ್ನುತ್ತಿದ್ದೆ. ಜನರ ಮುಂದೆ ನಾನು ಆಡುತ್ತಿದ್ದ ಮಾತೆಂದರೆ ಅದೊಂದೇ. ಕಾಯಿಲೆ ಬಿದ್ದ ವರ್ಷವೂ ಮಂಚದ ಮೇಲಿಂದ ಒಂದು ಸಲ ಹಾಗೆ ಕೇಳಿದರು. ಆಗಲೂ ನಾನು ಒಪ್ಪಲಿಲ್ಲ. ಒಂದು ಸಲ ಒಪ್ಪಿದ್ದರೆ ಏನಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಒಪ್ಪಿಬಿಟ್ಟಿದ್ದರೆ ಮರುದಿನದಿಂದ ಆ ಕಥೆಯನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ.

ಇರಲಿ. ಆ ಭಾನುವಾರ ನನಗೆ ಗೊತ್ತಾದದ್ದೇನೆಂದರೆ, ನಮ್ಮ ಕಡೆಯ ಬಾಯಲ್ಲಿ 'ಬುಡು' ಎಂದು ಕೂಗಿ ಯಾರಿಗೂ ಏನನ್ನೂ ಕಲಿಸಲು ಆಗುವುದಿಲ್ಲ. ಬೇರೆ ಮಾತು ಬೇಕಿತ್ತು. ಹುಡುಕುತ್ತ ಹೋದಾಗ ನಮ್ಮತ್ತೆ ಸಿಕ್ಕರು.

ನಾನು ಮದುವೆಯಾಗಿ ಬಂದ ವರ್ಷ. ನಡುಮನೆಯಲ್ಲಿ ನೆಲಕ್ಕೆ ಹೂತ ಒರಳುಕಲ್ಲಿತ್ತು. ಊರಿಗೆ ಮಿಲ್ಲು ಬಂದಿದ್ದರೂ ಖಾರದಪುಡಿಯನ್ನು ಮಾತ್ರ ಅತ್ತೆ ಮನೆಯಲ್ಲೇ ಕುಟ್ಟಿಸುತ್ತಿದ್ದರು. ಮಿಲ್ಲಿನ ಪುಡಿ ಸುಟ್ಟ ವಾಸನೆ ಬರುತ್ತದೆ ಎಂದು ಅವರ ದೂರು. ಒಂದೇ ಒರಳಿಗೆ ಇಬ್ಬರು ಎದುರು ಬದುರು ನಿಂತು ಎರಡು ಒನಕೆಯಲ್ಲಿ ಕುಟ್ಟಬೇಕು. ಒಬ್ಬರದು ಇಳಿದಾಗ ಇನ್ನೊಬ್ಬರದು ಮೇಲಿರಬೇಕು. ತವರಿನಲ್ಲಿ ನಾನು ಒಬ್ಬಳೇ ಕುಟ್ಟಿ ಅಭ್ಯಾಸ. ಮೊದಲ ದಿನ ಎರಡು ಒನಕೆಯೂ ಒರಳ ಬಾಯಲ್ಲಿ ಡಿಕ್ಕಿ ಹೊಡೆದವು. ಮುಂಗೈ ಜುಮ್ಮೆಂದಿತು, ಖಾರ ಇಬ್ಬರ ಕಣ್ಣಿಗೂ ಹಾರಿತು. ಬೈಯುತ್ತಾರೆಂದು ನಾನು ತಲೆ ಬಗ್ಗಿಸಿ ನಿಂತೆ. ಅತ್ತೆ ಸೆರಗಿನಲ್ಲಿ ಮೊದಲು ನನ್ನ ಕಣ್ಣು ಒರೆಸಿ, "ಮಗ, ನೀನು ಮೆಣ್ಸಿನ್‌ಕಾಯ್ನ ನೋಡ್ಬೇಡ. ನನ್ ಒನ್ಕೆ ಮ್ಯಾಕ್ ಓಗದ ನೋಡು. ನಾನ್ ಯೋಳ್ತೀನಿ. ನಂದು. ಈಗ ನಿಂದು. ನಂದು. ನಿಂದು" ಎಂದರು.

ನಾಲ್ಕು ದಿನ ಹಾಗೆ ಹೇಳಿರಬೇಕು. ಯಾವಾಗ ನಿಲ್ಲಿಸಿದರೋ ತಿಳಿಯಲಿಲ್ಲ. ಒಂದು ದಿನ ನೋಡುತ್ತೇನೆ, ಅತ್ತೆ ಯಾರದೋ ಮನೆಯ ನಾಮಕರಣದ ಸುದ್ದಿ ಹೇಳುತ್ತಿದ್ದಾರೆ, ಒನಕೆಗಳು ತಮ್ಮ ಪಾಡಿಗೆ ತಾವು ಏಳುತ್ತ ಬೀಳುತ್ತ ಇವೆ.

ಸೋಮವಾರ ಸಂಜೆ ಚಿಕ್ಕವಳಿಗೆ ಹೇಳಿದೆ: "ಇನ್ಮೇಲೆ ಬುಡು ಅನ್ನಲ್ಲ. ಅವ್ನು ಒಡ್ಯೋವಾಗ ಅವಂದು ಅಂತೀನಿ. ಶೀಲ್ಡ್ ಇಡಿ. ನಿಂದು ಅಂದಾಗ ಒಡಿ." ಬಯಲಿನಲ್ಲಿ ನಾನೇ ಎದುರಾಳಿಯಾಗಿ ನಿಂತು ಅಭ್ಯಾಸ ಮಾಡಿಸಿದೆ. ಆದರೆ ಒಂದು ಏಟು ತಡೆದ ಕೂಡಲೇ ಅವಳು ಹೊಡೆಯಲು ಹೋದರೆ, ಎದುರಿನವರ ಎರಡನೇ ಏಟು ಅವಳಿಗೆ ಬೀಳುತ್ತಿತ್ತು. ನಿಮ್ಮಲ್ಲಿ ಎಲ್ಲರೂ ಎರಡೆರಡು ಏಟು ಜೊತೆಗೆ ಹೊಡೆಯುವವರೇ. ಅದಕ್ಕೇ ಅತ್ತೆಯ ಮಾತನ್ನು ಸ್ವಲ್ಪ ಎಳೆದೆ. ಅವಂದು, ಅವಂದು, ಈಗ ನಿಂದು.

ಎರಡನೇ ಭಾನುವಾರ ಅವಳು ತಡೆದದ್ದು ಚೆನ್ನಾಗಿತ್ತು. ಹೊಡೆದದ್ದು ಮಾತ್ರ ಒಂದೂ ತಾಗಲಿಲ್ಲ, ಯಾರೂ ಬೀಳಲಿಲ್ಲ. ಏಟು ಯಾವಾಗ ಬರುತ್ತದೆಂದು ನಾನು ಹೇಳಿದ ಮೇಲೇ ಅವಳಿಗೆ ಗೊತ್ತಾಗುತ್ತಿತ್ತು, ಅಷ್ಟರಲ್ಲಿ ಹೊತ್ತಾಗಿರುತ್ತಿತ್ತು. ಅವಳ ಕಣ್ಣು ಕತ್ತಿಯ ತುದಿಯ ಮೇಲೇ ಇರುತ್ತಿತ್ತು.

"ನಿಮ್ಮ ಪಕ್ಕದ್ ಮನೇಲಿ ಟಗ್ರು ಐತಲ್ಲ, ಗುದ್ದೋಕ್ ಮುಂಚೆ ಏನ್ ಮಾಡ್ತದೆ?" ಎಂದು ಕೇಳಿದೆ.

"ಒಂದೆಜ್ಜೆ ಇಂದಕ್ ಓಯ್ತದೆ."

"ನೀನ್ ಅದ್ರ ಕೊಂಬು ನೋಡ್ತೀಯೋ, ಕಾಲು ನೋಡ್ತೀಯೋ?"

"ಕಾಲು. ಇಂದಕ್ ಇಡ್ತಿದ್ದಂಗೇ ನಾನ್ ಜಗ್ಲಿ ಅತ್ಬುಡ್ತೀನಿ."

"ಇವ್ರೂ ಅಂಗೇ ಕಣವ್ವ. ಒಡ್ಯೋಕ್ ಮುಂಚೆ ಭುಜ ಇಂದಕ್ ಓಯ್ತದೆ. ಕತ್ತಿ ನೋಡ್ಬೇಡ, ಭುಜ ನೋಡು."

"ನಮ್ಮಣ್ಣ ಟಗ್ರಾ?" ಎಂದು ಕೇಳಿ, ಆ ವಾರ ಮೊದಲ ಬಾರಿಗೆ ನಕ್ಕಳು.

ಮೂರನೇ ಭಾನುವಾರ ನಾವು ನಮ್ಮನಮ್ಮಲ್ಲೇ ಮೂರು ಮೂರು ಜನ ಆಗಿ ಆಡಿದೆವು. ಈ ಕಡೆ ನಾನು, ಚಿಕ್ಕವಳು, ಶ್ರೀರಂಗಪಟ್ಟಣದವಳು. ಆ ಕಡೆ ದೊಡ್ಡವನು, ಅವಳಿಗಳು. ನನಗೆ ಬೆಳಿಗ್ಗೆಯಿಂದ ಕೆಲಸದ ಮೇಲೆ ಗಮನವಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಒಂದೂವರೆ ಗಂಟೆ ಕಳೆದರೂ ಚಿಕ್ಕವಳು ಯಾರನ್ನೂ ಬೀಳಿಸಿರಲಿಲ್ಲ. ಕೊನೆಯ ಸುತ್ತಿನಲ್ಲಿ ಅವಳಿಗಳನ್ನು ಶ್ರೀರಂಗಪಟ್ಟಣದವಳು ಕೆಡವಿ ತಾನೂ ಬಿದ್ದಳು. ನನ್ನ ಸಿಪಾಯಿ ಕಾಲಿಗೆ ಏಟು ತಿಂದು ಮೆಟ್ಟಿಲ ಮೇಲಿದ್ದ. ಕೋಟೆ ಬಾಗಿಲಲ್ಲಿ ಚಿಕ್ಕವಳು ಒಬ್ಬಳೇ, ಅವಳೆದುರು ದೊಡ್ಡವನು.

"ಅವಂದು" ಎಂದೆ. ತಡ್ಡೆಂದು ತಡೆದಳು. "ಅವಂದು." ತಡೆದಳು. "ಈಗ ನಿಂದು." ಬೀಸಿದಳು, ಅವನು ಹಿಂದೆ ಸರಿದ.

ನಿಮ್ಮಲ್ಲಿ ದೊಡ್ಡವನಿಗೆ ಬುದ್ಧಿ ಸ್ವಲ್ಪ ಹೆಚ್ಚು. ಮೈಕಿನಲ್ಲಿ ನನ್ನ ಲೆಕ್ಕ ಅವನಿಗೂ ಕೇಳುತ್ತಿತ್ತು. ಅವನು ಕತ್ತಿ ಎತ್ತಿದ ಹಾಗೆ ಮಾಡಿ ಅರ್ಧಕ್ಕೇ ನಿಲ್ಲಿಸಿದ. ನಾನು "ಅವಂದು" ಎಂದುಬಿಟ್ಟೆ. ಮತ್ತೆ ಹಾಗೇ ಮಾಡಿದ, ನಾನು ಮತ್ತೆ "ಅವಂದು" ಎಂದೆ. "ಈಗ ನಿಂದು" ಎನ್ನುವ ಹೊತ್ತಿಗೆ ಅವಳು ಗುರಾಣಿ ಇಳಿಸಿದಳು, ಆಗ ನಿಜವಾದ ಏಟು ಹಾಕಿದ. ಇನ್ನೊಂದು ಸಲವೂ ಅದೇ ಮೋಸ. ಅವಳ ಜೀವದ ಕೆಂಪು ಗೀಟು ಒಂದು ಬೆರಳಷ್ಟು ಉಳಿಯಿತು. ಇನ್ನೊಂದು ಏಟು ಬಿದ್ದರೆ ಮುಗಿಯಿತು, ಮೂರು ಭಾನುವಾರವೂ ಮುಗಿಯಿತು. ನನ್ನ ದನಿ ನನಗೇ ತಿಳಿಯದ ಹಾಗೆ ಏರಿತ್ತು. ಅಡುಗೆಮನೆಯಿಂದ ಸೊಸೆ ಬಂದು ಬಾಗಿಲಲ್ಲಿ ನಿಂತಿದ್ದಳು.

"ಅವಂದು, ಅಯ್ಯೋ ಅಲ್ಲ, ತಡಿ, ಈಗ..."

"ಬುಡಜ್ಜಿ" ಎಂದಳು ಚಿಕ್ಕವಳು.

ನಾನು ನಿಲ್ಲಿಸಿದೆ.

"ನೀನ್ ಸುಮ್ನಿರು. ನಾನ್ ನೋಡ್ಕತೀನಿ."

ಮಾತಾಡಲು ಒತ್ತಿ ಹಿಡಿದಿದ್ದ ಮೈಕಿನ ಗುಂಡಿಯಿಂದ ಬೆರಳು ತೆಗೆದು ಕೈ ಮಡಿಲಲ್ಲಿ ಇಟ್ಟುಕೊಂಡೆ. ಅವನು ಕತ್ತಿ ಅರ್ಧ ಎತ್ತಿದ; ಅವಳು ಅಲುಗಲಿಲ್ಲ. ಮತ್ತೆ ಎತ್ತಿದ, ಅವಳು ಒಂದು ಹೆಜ್ಜೆ ಹಿಂದಿಟ್ಟಳು. ಅವಳು ಅವನ ಭುಜವನ್ನೇ ನೋಡುತ್ತಿದ್ದಾಳೆಂದು ಅವಳು ನಿಂತ ರೀತಿಯಲ್ಲೇ ನನಗೆ ಗೊತ್ತಾಯಿತು. ಆಮೇಲೆ ಅವನ ಭುಜ ನಿಜವಾಗಿ ಹಿಂದೆ ಹೋಯಿತು. ತಡ್, ತಡ್, ಎರಡನ್ನೂ ತಡೆದಳು. ಮೂರನೆಯದು ಅವಳದು. ಅವನು ತತ್ತರಿಸಿದ. ಅವಳು ಅಲ್ಲಿಗೆ ಬಿಡಲಿಲ್ಲ, ನಾಲ್ಕನೆಯದೂ ಅವಳದೇ ಆಯಿತು.

ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಕಿವಿಯಲ್ಲಿ ಅವಳಿಗಳ ಕಿರುಚಾಟ. ದೊಡ್ಡವನು, "ಮೋಸ! ಅಜ್ಜಿ ಯೋಳ್ಕೊಟ್ರು!" ಎಂದು ಕೂಗಿದ.

"ಅಜ್ಜಿ ಬಾಯಿ ಬುಡ್ಲಿಲ್ಲ ಕಣಣ್ಣ, ಅವ್ಳೇ ಮುಚ್ಸುದ್ಲು" ಎಂದ ಅವಳಿಗಳಲ್ಲೊಬ್ಬ.

"ಅಜ್ಜಿ ಕಾಲಲ್ಲಿ ಆರ್ ವಾರ ನಡ್ದೋನು ನೀನು, ನೀನ್ ಮೋಸ ಅಂತೀಯಾ?" ಎಂದಳು ಶ್ರೀರಂಗಪಟ್ಟಣದವಳು.

ಅವನು ನಕ್ಕ. "ಸರಿ ಬುಡ್ರಪ್ಪ. ಗೋಡೆ ನಮ್ದೇ" ಎಂದ.

ದಸರಾ ರಜದ ಪಂದ್ಯದಲ್ಲಿ ನಾವು ಸೋತೆವು. ಮೊದಲು ಬಿದ್ದವಳು ನಾನೇ, ಕಂದಕಕ್ಕೆ. ಕೊನೆಯವರೆಗೂ ಬಾಗಿಲಲ್ಲಿ ನಿಂತಿದ್ದವಳು ಚಿಕ್ಕವಳು. ಈಗ ದೊಡ್ಡವನಿಗೆ ಪರೀಕ್ಷೆ, ಅವಳಿಗಳಿಗೆ ಟ್ಯೂಷನ್ನು. ಎಲ್ಲ ಭಾನುವಾರವೂ ಆರು ಜನ ಸೇರುವುದಿಲ್ಲ. ಕೀಗಳ ಮೇಲಿನ ಕೆಂಪು ಬೊಟ್ಟು ಸವೆದು ಎಸ್ ಒಂದರ ಮೇಲೆ ಮಾತ್ರ ಸ್ವಲ್ಪ ಉಳಿದಿದೆ. ನಾನು ಹಿಂದೆ ಹೆಜ್ಜೆ ಇಟ್ಟದ್ದು ಕಡಿಮೆಯೆಂದು ಕಾಣುತ್ತದೆ.

ಆ ಮೂರನೇ ಭಾನುವಾರ ಆಟ ಮುಗಿದ ಮೇಲೆ ಚಿಕ್ಕವಳು ಬೇರೆಯಾಗಿ ಫೋನು ಮಾಡಿ, "ಸುಮ್ನಿರು ಅಂದ್ಬುಟ್ಟೆ, ಬೇಜಾರಾಯ್ತಾ ಅಜ್ಜಿ?" ಎಂದು ಕೇಳಿದಳು. ಇಲ್ಲ ಎಂದೆ. ಅದು ನಿಜ. ಬುಡು ಎಂದು ನನಗೆ ಅಷ್ಟು ಜನ, ಅಷ್ಟು ಸಲ ಹೇಳಿದ್ದಾರೆ. ಕೇಳಿದ ಕೂಡಲೇ ಸರಿಯಾಗಿ ಅರ್ಥವಾದದ್ದು ಅದೊಂದೇ ಸಲ. ನಿಮ್ಮ ತಾತ ಇದ್ದಿದ್ದರೆ ಹೋಗಿ ಹೇಳುತ್ತಿದ್ದೆ. ಅವರು ನಾಲೆ ಏರಿಯ ಕಥೆಯನ್ನು ಮೊದಲಿಂದ ತೆಗೆಯುತ್ತಿದ್ದರು, ನಾನು ಗಾಡಿ ಬುಡು ಎಂದೇ ಹೇಳುತ್ತಿದ್ದೆ.

ಚಿಕ್ಕವಳೇ, ಆ ಹುಡುಗಿಯರು ಕೇಳಿದ್ದಕ್ಕೆ ಉತ್ತರ ಇಷ್ಟು. ಆ ಮಾತು ಖಾರದಪುಡಿ ಕುಟ್ಟುವಾಗ ನಮ್ಮತ್ತೆ ಹೇಳಿಕೊಟ್ಟದ್ದು. ಒಂದು 'ಅವಂದು' ಮಾತ್ರ ನಾನು ಸೇರಿಸಿದ್ದು. ನೀನು ಹೇಳಿಕೊಡುವಾಗ ಬುಡು ಅನ್ನಬೇಡ. ಅದನ್ನು ಅವರೇ ಒಂದು ದಿನ ನಿನಗೆ ಅನ್ನುತ್ತಾರೆ. ಆಗ ಮೈಕಿನಿಂದ ಬೆರಳು ತೆಗೆದುಬಿಡು.